ಬಾವುಟಕ್ಕೆ ಬಿದ್ದ ಕಗ್ಗಂಟು

ನಾನು ಚಿಕ್ಕವನಿದ್ದಾಗ ನನ್ನ ಚಡ್ಡಿಗೆ ಎಲಾಸ್ಟಿಕ್ ಇರಲಿಲ್ಲ, ಲಾಡಿ ಇತ್ತು. ಲಾಡಿ ಎಂದರೆ ಸೊಂಟದ ಸುತ್ತ ಕಟ್ಟಿಕೊಳ್ಳುವ ಬಟ್ಟೆಯ ದಾರ. ಒಂದು ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವಂತೆ ಅದನ್ನು ಕಟ್ಟಬೇಕು. ನನಗೆ ಅದು ಬರುತ್ತಿರಲಿಲ್ಲ. ಚಡ್ಡಿ ಎಲ್ಲಿ ಜಾರಿಬಿಡುತ್ತದೋ ಎಂಬ ಭಯಕ್ಕೆ ಗಂಟಿನ ಮೇಲೆ ಗಂಟು ಹಾಕಿ ಬಿಗಿಯುತ್ತಿದ್ದೆ. ಆಮೇಲೆ ಶಾಲೆಯಲ್ಲಿ ಒಂದಕ್ಕೆ ಅವಸರವಾದಾಗ ಅದು ಬಿಚ್ಚುತ್ತಿರಲಿಲ್ಲ. ಎರಡೂ ಕಾಲು ಜೋಡಿಸಿಕೊಂಡು ಕುಂಟುತ್ತಾ ಏಳನೇ ಕ್ಲಾಸಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಅಕ್ಕ ಇದ್ದಳು. ಮಕ್ಕಳೇ, ನೀವು ದೊಡ್ಡಜ್ಜಿ ಎಂದು ಕರೆಯುತ್ತಿದ್ದಿರಲ್ಲ, ಅವಳೇ.

"ಹೋಗೇ, ನಿಮ್ಮ ಲಾಡಿ ಸಾಹೇಬ್ರು ಬಂದ್ರು ಕಣೇ" ಎಂದು ಅವಳ ಗೆಳತಿಯರು ನಗುತ್ತಿದ್ದರು. ಅಕ್ಕ ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ನನ್ನನ್ನು ಹೊಂಗೆ ಮರದ ಹಿಂದೆ ಕರೆದುಕೊಂಡು ಹೋಗಿ, ಜಡೆಯಿಂದ ಒಂದು ಹೇರ್‌ಪಿನ್ ತೆಗೆದು, ಅದರ ತುದಿಯನ್ನು ಗಂಟಿನೊಳಗೆ ಮೆಲ್ಲನೆ ತೂರಿಸುತ್ತಿದ್ದಳು. ನಾನು ತಡೆಯಲಾರದೆ ಲಾಡಿ ಎಳೆಯಲು ಹೋದರೆ ಕೈಮೇಲೆ ಒಂದು ಏಟು. "ಎಳೀಬೇಡ್ವೋ. ಎಳೆದಷ್ಟೂ ಬಿಗಿಯುತ್ತೆ. ಸುಮ್ನೆ ನಿಂತ್ಕೋ." ಒಮ್ಮೆ ಶಾಲೆಯಿಂದ ಕೆಂಗೇರಿಯ ಆಚೆ ದೊಡ್ಡ ಆಲದ ಮರ ನೋಡಲು ಹೋಗಿದ್ದೆವು. ಉಳಿದವರೆಲ್ಲ ಬಿಳಲು ಎಣಿಸುತ್ತಿದ್ದರೆ, ಅಕ್ಕ ಒಂದು ಬಿಳಲಿನ ಮರೆಯಲ್ಲಿ ಕೂತು ನನ್ನ ಗಂಟು ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಕೋತಿಯೊಂದು ನಮ್ಮಿಬ್ಬರ ಚಿತ್ರಾನ್ನದ ಡಬ್ಬಿ ಹೊತ್ತುಕೊಂಡು ಹೋಯಿತು. ಆಗಲೂ ಅವಳು ಬೈಯಲಿಲ್ಲ.

ನಮ್ಮ ಶಾಲೆ ರಾಜಾಜಿನಗರದ ಅಂಚಿನಲ್ಲಿತ್ತು. ಹೆಂಚು ಹೊದಿಸಿದ ಐದು ಕೋಣೆ, ಮುಂದೆ ಮಣ್ಣಿನ ಬಯಲು, ಬಯಲಿನ ನಡುವೆ ಬಾವುಟದ ಕಂಬ. ಆಗಸ್ಟ್ ಹದಿನೈದು ಬಂತೆಂದರೆ ಆ ಕಂಬಕ್ಕೆ ಸುಣ್ಣ ಬಳಿಯುತ್ತಿದ್ದರು. ಬಾವುಟವನ್ನು ಮಡಿಸಿ, ಒಳಗೆ ಹೂವಿನ ಎಸಳು ತುಂಬಿ, ಹಗ್ಗದಿಂದಲೇ ಜಾರುಗಂಟು ಹಾಕಿ ಮೇಲೇರಿಸುವುದು ಏಳನೇ ಕ್ಲಾಸಿನ ಹುಡುಗರ ಕೆಲಸ. ಬಂದ ಅತಿಥಿಗಳು ಕೆಳಗಿನಿಂದ ಹಗ್ಗ ಎಳೆದರೆ ಗಂಟು ಬಿಚ್ಚಿ, ಬಾವುಟ ಅರಳಿ, ಹೂವು ಉದುರಬೇಕು.

ಆ ವರ್ಷ ಹೆಡ್‌ಮೇಷ್ಟ್ರು ಆ ಕೆಲಸವನ್ನು ಅಕ್ಕನಿಗೆ ಕೊಟ್ಟರು. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಥಾನು, ಅಂದರೆ ಬಟ್ಟೆಯ ಸುರುಳಿ, ಕಟ್ಟುವ ಕೆಲಸದಲ್ಲಿದ್ದರು. ಅವರಿಂದ ಅಕ್ಕ ಬಗೆಬಗೆಯ ಗಂಟು ಕಲಿತಿದ್ದಳು. ಡ್ರಿಲ್ ಮೇಷ್ಟ್ರಿಗೆ ಇದು ಒಪ್ಪಿಗೆಯಾಗಲಿಲ್ಲ. "ಹೆಣ್ಣುಹುಡುಗೀರ ಕೈಗೆ ಬೇಡಿ ಸಾರ್, ಆಮೇಲೆ ಮರ್ಯಾದೆ ಹೋಗುತ್ತೆ" ಎಂದರು. ಹೆಡ್‌ಮೇಷ್ಟ್ರು, "ಒಂದ್ಸಲ ನೋಡೋಣ. ಚೆನ್ನಾಗಿ ಕಟ್ಟಿದ್ರೆ ಜನವರೀಲೂ ಅವಳೇ ಕಟ್ಲಿ" ಎಂದರು.

ಒಂದು ವಾರ ನಮ್ಮ ಮನೆಯ ಕಿಟಕಿಯೇ ಬಾವುಟದ ಕಂಬವಾಯಿತು. ಅಕ್ಕ ಅಪ್ಪನ ಹಳೆಯ ಟವೆಲಿನಲ್ಲಿ ಬೇವಿನ ಎಲೆ ತುಂಬಿ, ಕಿಟಕಿ ಸರಳಿಗೆ ಕಟ್ಟಿ, ಹಗ್ಗದ ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನೇ ಅತಿಥಿ. ಎಳೆದಾಗಲೆಲ್ಲ ಎಲೆಗಳು ನನ್ನ ತಲೆಯ ಮೇಲೆ ಸುರಿಯುತ್ತಿದ್ದವು. ಒಂದು ಸಲವೂ ತಪ್ಪಲಿಲ್ಲ.

ಆ ದಿನ ಬೆಳಕು ಹರಿಯುವ ಹೊತ್ತಿಗೇ ನಾನು ಬುಟ್ಟಿ ಹಿಡಿದು ಬೀದಿಯ ಮನೆಮನೆಗೆ ಹೋದೆ. ಒಂದು ಮನೆಯಲ್ಲಿ ಪನ್ನೀರು ಗುಲಾಬಿ, ಇನ್ನೊಂದರಲ್ಲಿ ಚೆಂಡುಹೂವು, ಮೂಲೆಮನೆಯಲ್ಲಿ ಕಣಗಿಲೆ. ಎಸಳು ಬಿಡಿಸಿ ಬಿಡಿಸಿ ಬೆರಳೆಲ್ಲ ಗುಲಾಬಿಯ ವಾಸನೆ. ಹಾಸಿಗೆಯ ಕೆಳಗೆ ಮಡಿಸಿಟ್ಟಿದ್ದ ಬಿಳಿ ಅಂಗಿ ತೊಟ್ಟು, ಅಕ್ಕನ ಹಿಂದೆ ಓಡಿದೆ. ಅವಳು ಕಂಬದ ಬುಡದಲ್ಲಿ ಕೂತು, ನನ್ನ ಎಸಳುಗಳನ್ನು ತುಂಬಿ, ನಾಜೂಕಾಗಿ ಗಂಟು ಹಾಕಿದಳು. ಅಷ್ಟರಲ್ಲಿ ಯಾರೋ ಕುರ್ಚಿ ಹೊರಲು ಅವಳನ್ನು ಕೂಗಿದರು.

"ನೋಡ್ಕೊಂಡಿರೋ. ಯಾರೂ ಮುಟ್ಟಬಾರದು" ಎಂದು ಹೇಳಿ ಹೋದಳು.

ನಾನು ಸಿಪಾಯಿಯಂತೆ ನಿಂತೆ. ಗಾಳಿ ಬೀಸಿತು. ಬಾವುಟದ ಮಡಿಕೆಯಿಂದ ಒಂದು ಗುಲಾಬಿ ಎಸಳು ಜಾರಿ ಮಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎಲ್ಲ ಎಸಳೂ ಹೀಗೆ ಜಾರಿಹೋದರೆ? ಅಕ್ಕನ ಮರ್ಯಾದೆ? ನಾನು ಸುತ್ತ ನೋಡಿ, ಅಕ್ಕನ ಗಂಟಿನ ಮೇಲೆ ನನಗೆ ಬರುತ್ತಿದ್ದ ಒಂದೇ ಒಂದು ಗಂಟನ್ನು ಹಾಕಿ, ಶಕ್ತಿಯನ್ನೆಲ್ಲ ಬಳಸಿ ಬಿಗಿದೆ. ಆಮೇಲೆ ಒಂದು ಎಸಳೂ ಬೀಳಲಿಲ್ಲ. ನನಗೆ ಹೆಮ್ಮೆಯಾಯಿತು.

ಅಕ್ಕ ಹಿಂತಿರುಗುವ ಮೊದಲೇ ಅತಿಥಿಗಳು ಬಂದುಬಿಟ್ಟರು. ಡ್ರಿಲ್ ಮೇಷ್ಟ್ರು ಅವಸರದಲ್ಲಿ ತಾವೇ ಹಗ್ಗ ಎಳೆದು ಬಾವುಟವನ್ನು ಮೇಲೇರಿಸಿದರು. ನಾವೆಲ್ಲ ಸಾಲಾಗಿ ನಿಂತೆವು. ಕರಿ ಕೋಟು ತೊಟ್ಟ ವಯಸ್ಸಾದ ಅತಿಥಿಗಳು ಮುಂದೆ ಬಂದು ಹಗ್ಗ ಎಳೆದರು. ಏನೂ ಆಗಲಿಲ್ಲ. ಮತ್ತೆ ಎಳೆದರು. ಬಾವುಟ ಕಂಬದ ತುದಿಯಲ್ಲಿ ರಾಗಿಮುದ್ದೆಯಂತೆ ಕೂತೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಾನು ಬಡ್ಕೊಂಡೆ ಸಾರ್" ಎಂದರು ಡ್ರಿಲ್ ಮೇಷ್ಟ್ರು, ಎಲ್ಲರಿಗೂ ಕೇಳುವಂತೆ.

ಆಗ ನನಗೆ ಅರ್ಥವಾಯಿತು. ಅತಿಥಿಗಳು ಎರಡೂ ಕೈ ಹಾಕಿ ಜಗ್ಗುತ್ತಿದ್ದರು. ಹುಡುಗಿಯರ ಸಾಲಿನಿಂದ ಅಕ್ಕ ಹೊರಗೆ ಬಂದಳು. ಓಡಲಿಲ್ಲ, ನಡೆದುಕೊಂಡೇ ಬಂದು ಅವರ ಮುಂದೆ ನಿಂತು ಹೇಳಿದಳು:

"ಎಳೀಬೇಡಿ ಸಾರ್. ಎಳೆದಷ್ಟೂ ಬಿಗಿಯುತ್ತೆ."

ಅಷ್ಟು ದೊಡ್ಡವರು ಹಗ್ಗ ಬಿಟ್ಟು ಹಿಂದೆ ಸರಿದರು. ಅಕ್ಕ ಬಾವುಟವನ್ನು ಕೆಳಗಿಳಿಸಿ, ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಒಂದು ಗಳಿಗೆ ಅವಳ ಕೈ ನಿಂತಿತು. ಆದರೆ ತಲೆಯೆತ್ತಿ ಯಾರ ಕಡೆಗೂ ನೋಡಲಿಲ್ಲ. ಇಡೀ ಶಾಲೆಯ ಮುಂದೆ ಜಡೆಯಿಂದ ಹೇರ್‌ಪಿನ್ ತೆಗೆದು ಗಂಟಿನೊಳಗೆ ತೂರಿಸಿದಳು. ಎರಡೇ ನಿಮಿಷ. ಮತ್ತೆ ಮಡಿಸಿ, ಮತ್ತೆ ಜಾರುಗಂಟು ಹಾಕಿ, ತಾನೇ ಮೇಲೇರಿಸಿ, ಹಗ್ಗವನ್ನು ಎರಡೂ ಕೈಯಲ್ಲಿ ಅತಿಥಿಗಳಿಗೆ ಕೊಟ್ಟಳು. "ಈಗ ಎಳೀರಿ ಸಾರ್. ಮೆತ್ತಗೆ."

ಬಾವುಟ ಅರಳಿತು. ಗುಲಾಬಿ, ಚೆಂಡುಹೂವು, ಕಣಗಿಲೆ ಎಲ್ಲ ಒಟ್ಟಿಗೆ ಸುರಿದವು. ಒಂದು ಎಸಳು ಅತಿಥಿಗಳ ಕನ್ನಡಕಕ್ಕೆ ಅಂಟಿಕೊಂಡಿತು. ಅಷ್ಟು ಜೋರಾದ ಚಪ್ಪಾಳೆಯನ್ನು ನಾನು ಆ ಬಯಲಿನಲ್ಲಿ ಮತ್ತೆ ಕೇಳಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೆಡ್‌ಮೇಷ್ಟ್ರು ಕೇಳಿದರು, "ಯಾರಮ್ಮ ಹಾಕಿದ್ದು ಆ ಕಗ್ಗಂಟು?"

"ನಾನೇ ಸಾರ್. ಗಾಳಿ ಇತ್ತು, ಬಿಗಿಯಾಗಿ ಕಟ್ಬಿಟ್ಟೆ."

"ಜನವರಿಗೆ ಹುಡುಗರೇ ಕಟ್ಲಿ ಬಿಡಿ" ಎಂದರು ಡ್ರಿಲ್ ಮೇಷ್ಟ್ರು. ಅಕ್ಕ ತಲೆಯಾಡಿಸಿದಳು. ನಾನು ಎರಡು ಮಾರು ದೂರದಲ್ಲಿ ಬೂಂದಿಯ ಪೊಟ್ಟಣ ಹಿಡಿದು ನಿಂತಿದ್ದೆ. ಮನೆಗೆ ಹೋಗುವ ದಾರಿಯಲ್ಲೂ ಅದನ್ನು ಬಿಚ್ಚಲಿಲ್ಲ. "ತಿನ್ನಲ್ವೇನೋ? ಹಂಗಾದ್ರೆ ಕೊಡಿಲ್ಲಿ" ಎಂದು ಅಕ್ಕ ನನ್ನ ಬೂಂದಿಯನ್ನೂ ತಿಂದಳು.

ಜನವರಿಯಲ್ಲಿ ಹುಡುಗರೇ ಕಟ್ಟಿದರು. ಆದರೆ ಮೇಲೇರಿಸುವ ಮುಂಚೆ ಹೆಡ್‌ಮೇಷ್ಟ್ರು ಸಾಲಿನಿಂದ ಅಕ್ಕನನ್ನು ಕರೆದು, "ಒಂದ್ಸಲ ನೋಡಮ್ಮ" ಎಂದರು. ಅವಳು ಎರಡು ಬೆರಳಿನಲ್ಲಿ ಗಂಟು ಮುಟ್ಟಿ, "ಸರಿಯಾಗಿದೆ ಸಾರ್" ಎಂದಳು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ.

ಐವತ್ತು ವರ್ಷ ಅದನ್ನು ನಾನು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಅಕ್ಕ ಕಾಯಿಲೆ ಬಿದ್ದು ವಿಜಯನಗರದ ಮನೆಯಲ್ಲಿ ಮಲಗಿದ್ದಾಗ, ಪಕ್ಕದಲ್ಲಿ ಕೂತು ಹೇಳಿದೆ. ಅವಳು ಕೆಮ್ಮು ಬರುವಷ್ಟು ನಕ್ಕಳು. "ಅಯ್ಯೋ ಪೆದ್ದ, ಮುಟ್ಟಿದ ತಕ್ಷಣ ಗೊತ್ತಾಯ್ತು ಕಣೋ. ದಿನಾ ಬಿಚ್ತಿದ್ದ ಗಂಟು ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮೇಷ್ಟ್ರು ಬೆತ್ತ ತಗೋತಿದ್ರು. ಬೆತ್ತ ನೋಡಿ ನಿಂಗೆ ಒಂದಕ್ಕೆ ಅವಸರ ಆಗ್ತಿತ್ತು. ಆ ಲಾಡೀನೂ ನಾನೇ ಬಿಚ್ಬೇಕಿತ್ತು."

ಈ ಮಳೆಗಾಲ ಶುರುವಾಗುವ ಮುಂಚೆ ಅಕ್ಕ ತೀರಿಕೊಂಡಳು.

ನಿಮ್ಮ ಚಡ್ಡಿಗೆ ಎಲಾಸ್ಟಿಕ್ ಇದೆ. ಬ್ಯಾಗಿಗೆ ಜಿಪ್ ಇದೆ. ಶಾಲೆಗೆ ಹಾಕುವ ಬೂಟು ಚರ್ರೆಂದು ಅಂಟಿಕೊಳ್ಳುತ್ತದೆ. ಗಂಟು ಎನ್ನುವುದು ನಿಮ್ಮ ಆಟದ ಬೂಟಿನ ಲೇಸಿನಲ್ಲಿ ಮಾತ್ರ ಉಳಿದಿದೆ. ಮೊನ್ನೆ ಚಿಕ್ಕವನು ಆಟ ಮುಗಿಸಿ ಬಂದು, ಬಾಗಿಲಲ್ಲಿ ಕೂತು, ಮುಖ ಕೆಂಪಗೆ ಮಾಡಿಕೊಂಡು ಲೇಸು ಜಗ್ಗುತ್ತಿದ್ದ. "ಎಳೀಬೇಡ್ವೋ, ಎಳೆದಷ್ಟೂ ಬಿಗಿಯುತ್ತೆ" ಎಂದೆ. ದೊಡ್ಡಜ್ಜಿ ಗಂಟು ಬಿಚ್ಚುವುದನ್ನು ನೋಡಿದ್ದ ದೊಡ್ಡವಳು ಒಳಗೆ ಓಡಿಹೋಗಿ ತನ್ನ ಹೇರ್‌ಪಿನ್ ತಂದುಕೊಟ್ಟಳು. "ತಾತ, ನಿಂಗೆ ಬಿಚ್ಚೋಕೆ ಬರುತ್ತಾ?" ಎಂದಳು. ಅರವತ್ತು ದಾಟಿದ ಮೇಲೆ ಮೊದಲ ಸಲ ನಾನೇ ಒಂದು ಕಗ್ಗಂಟು ಬಿಚ್ಚಲು ಕೂತೆ. ಹತ್ತು ನಿಮಿಷ ಹಿಡಿಯಿತು.

ಅಕ್ಕನಿಗೆ ಎರಡೇ ನಿಮಿಷ ಸಾಕಿತ್ತು.