ಮೈಸಿಯನ್ನರ ಹೆಸರು, ಅವ್ವನ ಹೆಸರು

ಮೈಸಿಯನ್ನರೆಂಬ ಜನರಿದ್ದರು ಎಂದು ನನಗೆ ಗೊತ್ತಾದದ್ದೇ ಅವ್ವ ಕಾಣೆಯಾದ ದಿನ. ಪ್ರಾಚೀನ ಇತಿಹಾಸ ಓದುವ ನನ್ನ ಮಗಳು ಬೆಳಿಗ್ಗೆ ತಿಂಡಿ ತಿನ್ನುತ್ತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: ಈಗಿನ ಟರ್ಕಿಯ ಕಡೆಯವರಂತೆ. ಪಕ್ಕದ ನಾಡಿನ ಲಿಡಿಯನ್ನರು ಬೀಚ್ ಎಂಬ ಕಾಡುಮರಕ್ಕೆ ಏನನ್ನುತ್ತಿದ್ದರೋ ಅದೇ ಇವರ ಹೆಸರೂ ಆಯಿತಂತೆ. ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ, ಹೇಳುವವರಿಲ್ಲ.

"ಮಣ್ಣಾಗಿ ಹೋದವರ ಹೆಸರು ಕಟ್ಟಿಕೊಂಡು ಏನ್ ಮಾಡ್ತಿ? ಮೊದಲು ಅಜ್ಜಿಗೆ ಉಪ್ಪಿಟ್ಟು ತಿನ್ನಿಸು" ಎಂದು ಗದರಿದೆ.

ಮಧ್ಯಾಹ್ನ ನೋಡಿದರೆ ಬಾಗಿಲು ತೆರೆದಿತ್ತು, ಅವ್ವ ಇರಲಿಲ್ಲ. ಮರೆವಿನ ಕಾಯಿಲೆ ಬಂದ ಮೇಲೆ ಆಕೆ "ಅವ್ವಾ" ಎಂದರೆ ತಿರುಗಿ ನೋಡುತ್ತಿರಲಿಲ್ಲ, ತನಗಿನ್ನೂ ಮದುವೆಯೇ ಆಗಿಲ್ಲ ಎನ್ನುತ್ತಿದ್ದಳು. ಅದಕ್ಕೇ ಪೊಲೀಸರಿಗೆ ಪಾಸ್‌ಪೋರ್ಟಿನ ಹೆಸರು ಕೊಟ್ಟೆ. ನಾನೂ ಮಗಳೂ ಲಂಡನ್ನಿನ ಈ ಹ್ಯಾರೋದ ಬೀದಿಬೀದಿಗಳಲ್ಲಿ, ಪಾರ್ಕಿನಲ್ಲಿ, ಗಂಟಲು ಹರಿಯುವಂತೆ ಅದನ್ನೇ ಕೂಗಿದೆವು. ಎಷ್ಟೋ ದೇವರಿಗೆ ಹರಕೆ ಹೊತ್ತೆ.

ಸಿಕ್ಕದ್ದು ಅದೇ ಪಾರ್ಕಿನಲ್ಲಿ, ಪೊದೆಯ ಹಿಂದಿನ ಬೆಂಚಿನ ಮೇಲೆ. ಬರಿಗಾಲು, ಚಳಿಗೆ ನೀಲಿಗಟ್ಟಿದ ಕೈ. ಆ ಪೊದೆಯ ಪಕ್ಕದಲ್ಲೇ ನಾವು ಕೂಗುತ್ತ ಹೋಗಿದ್ದೆವು.

"ಕೂಗಿದ್ದು ಕೇಳಲಿಲ್ಲೇನು?" ಎಂದು ಅಳುತ್ತಲೇ ರೇಗಿದೆ.

"ಕೇಳಿಸ್ತು. ಯಾರನ್ನೋ ಕರೀಲಿಕತ್ತಿದ್ರಿ. ಪಾಪ, ಸಿಕ್ಕಳೇನು?"

ಆಗ ನನಗೆ ಹೊಳೆಯಿತು. ನಮ್ಮ ಧಾರವಾಡದ ಮನೆಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡನಾದವನು ಹೆಂಡತಿಗೆ ಹೊಸ ಹೆಸರಿಟ್ಟು ಅದರಲ್ಲಿ ಬರೆಯುತ್ತಾನೆ. ನಾವು ಊರೆಲ್ಲ ಕೂಗಿದ್ದು ಅಪ್ಪ ಬರೆದ ಹೆಸರು. ಅವ್ವ ಅದಕ್ಕೂ ಹಿಂದಕ್ಕೆ ಹೋಗಿ ಕೂತಿದ್ದಳು. ತವರಿನ ಹೆಸರೇನೆಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. "ಅದನ್ನ ಅಲ್ಲೇ ಬಿಟ್ಟು ಬಂದೀನಿ" ಎಂದು ನಕ್ಕಿದ್ದಳು. ಆ ಹೆಸರಿನಿಂದ ಕರೆಯುತ್ತಿದ್ದ ಸೋದರಮಾವನೂ ಈಗಿಲ್ಲ.

ಇನ್ನೊಮ್ಮೆ ತಪ್ಪಿಸಿಕೊಂಡರೆ ಏನೆಂದು ಕೂಗಲಿ? ಆ ಭಯ ನನ್ನನ್ನು ತಿಂದುಹಾಕುತ್ತಿದೆ. ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದೇನೆ. ಅಡಿಗೆ ಮಾಡುತ್ತ, ಆಕೆಯ ತಲೆ ಬಾಚುತ್ತ, ನೆನಪಾದ ಹೆಣ್ಣುಹೆಸರನ್ನೆಲ್ಲ ಹುಚ್ಚಿಯಂತೆ ಕರೆಯುತ್ತೇನೆ. ಗಂಗೆ, ತುಂಗೆ, ಕೃಷ್ಣೆ. ಒಂದಕ್ಕೂ ಆಕೆ ಓಗೊಟ್ಟಿಲ್ಲ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಾಳೆ, ಮೈಸಿಯನ್ನರ ಮಾತೆತ್ತುವುದಿಲ್ಲ.

ನಿನ್ನೆ ಸೋತು, ಆಕೆಯ ಮುಂದೆಯೇ ನೆಲದ ಮೇಲೆ ಕುಳಿತು ಬೇಡಿಕೊಂಡೆ. "ನಿನ್ನ ಹೆಸರು ಹೇಳವ್ವಾ."

ಅವ್ವ ಅಪರಿಚಿತರೆದುರಿನ ಹುಡುಗಿಯಂತೆ ಸೆರಗು ಸರಿಮಾಡಿಕೊಂಡಳು.

"ನಮ್ಮವ್ವನ್ನ ಕೇಳ್ರಿ. ಆಕಿಗೆ ಗೊತ್ತದ."