ಗುರುಮಲ್ಲಪ್ಪನವರ ಎಂಜಲು ಡಿಸ್ಕು

ಸಂಗೀತವು ಊರು, ಭಾಷೆ, ಕುಲಗಳ ಗಡಿಗಳನ್ನೆಲ್ಲ ದಾಟಿ ಹರಿಯುವ ದಿವ್ಯವಿದ್ಯೆ ಎಂಬುದರಲ್ಲಿ ಸಂದೇಹವಿಲ್ಲ. ಕೊಳ್ಳೇಗಾಲದಿಂದ ಯಳಂದೂರಿಗೆ ಮಾತ್ರ ಅದು ದಾಟುತ್ತಿರಲಿಲ್ಲ. ಈ ಕಡೆ ನಮ್ಮ ಗುರುಮಲ್ಲಪ್ಪನವರ ಮ್ಯಾಕ್ ಕಂಪ್ಯೂಟರ್. ಆ ಕಡೆ ಅವರ ಭಾವಮೈದ ಮಹೇಶನ ವಿಂಡೋಸ್ ಕಂಪ್ಯೂಟರ್. ಒಂದರಲ್ಲಿ ಕೂಡಿಸಿದ ಹಾಡು ಇನ್ನೊಂದರಲ್ಲಿ ತೆರೆಯದು. ಯಂತ್ರಗಳು ಒಂದನ್ನೊಂದು ಕಂಡರಾಗದೆ ಇದ್ದುದು ಅವುಗಳ ಹುಟ್ಟುಗುಣ. ಯಜಮಾನರದು ಸ್ವಂತ ಸಂಪಾದನೆ.

ಗುರುಮಲ್ಲಪ್ಪನವರ ಸ್ಟುಡಿಯೋ ನೇಕಾರರ ಬೀದಿಯಲ್ಲಿ ಒಂದು ಮಹಡಿ ಕೋಣೆ. ಸದ್ದು ಹೀರಲೆಂದು ಗೋಡೆಗಳಿಗೆ ಹಳೆಯ ಕೌದಿ ಹೊಡೆದಿದ್ದರು. ಬಾಗಿಲ ಮೇಲೆ ಒಂದು ಬೋರ್ಡು: 'ಕೆಮ್ಮುವವರು ಕೆಳಗೇ ಕೆಮ್ಮಿ ಬರತಕ್ಕದ್ದು.' ನಾನು ಮಧುವನಹಳ್ಳಿ ಶಾಲೆಯ ಮೇಷ್ಟ್ರು. ಬಿಡುವಿದ್ದಾಗ ಅವರ ಕ್ಯಾಸೆಟ್ಟುಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದೆ. ಅಷ್ಟು ವರ್ಷಗಳ ಒಡನಾಟದಲ್ಲಿ ಅವರು ನನ್ನನ್ನು ಸ್ವಾಗತಿಸಿದ ಬಗೆ ಒಂದೇ.

"ಬಂದ್ರಾ? ಚಪ್ಲಿ ಕಿರುಗುಡ್ತದೆ. ಕೆಳುಗ್ ಬುಟ್ಬನ್ನಿ."

ಅವರ ಮ್ಯಾಕು ಮದ್ರಾಸಿನ ಒಂದು ಸ್ಟುಡಿಯೋ ಬೇಡವೆಂದು ಮಾರಿದ್ದು. ಅದಕ್ಕೆ ರೇಷ್ಮೆ ಶಲ್ಯ ಹೊದಿಸುತ್ತಿದ್ದರು. ಮಹೇಶ ಟೇಪ್ ರೆಕಾರ್ಡರಿನ ಕಾಲದಲ್ಲಿ ಅವರ ಬಳಿಯೇ ಕೆಲಸ ಕಲಿತವನು. ಕಲಿತು, ಯಳಂದೂರಿಗೆ ಹೋಗಿ, ಅಂಗಡಿ ತೆರೆದು, ವಿಂಡೋಸ್ ಕೊಂಡ. ಮೊದಲ ಮೂರನ್ನು ಗುರುಮಲ್ಲಪ್ಪನವರು ಕ್ಷಮಿಸಿದ್ದರೇನೋ.

"ಕಿಟಕಿ ಇಟ್ಕಂಡು ಯಾವನಾರ ರೆಕಾರ್ಡಿಂಗ್ ಮಾಡ್ತನೇನ್ರಿ?" ಎನ್ನುತ್ತಿದ್ದರು. ಮಹೇಶನ ಕಂಪ್ಯೂಟರಿಗೆ ಒಮ್ಮೆ ಹಾಕಿದ ಡಿಸ್ಕನ್ನು ತಮ್ಮ ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ. "ಅದು ಎಂಜ್ಲು ಕಣ್ರಿ. ಅವ್ನ್ ಬಾಯ್ಗಿಕ್ಕಿದ್ದ ನನ್ ಬಾಯ್ಗಿಕ್ತೀರಾ?"

ಅವರ ಉದ್ಯೋಗಕ್ಕೆ ದೈವವೂ ಅಷ್ಟಾಗಿ ಒಲಿದಿರಲಿಲ್ಲ. ಸುತ್ತ ಮಗ್ಗಗಳು, ಲಟಲಟ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಹಾಡುವವರೆಲ್ಲ ಮಾದೇಶ್ವರನ ಬೆಟ್ಟಕ್ಕೆ ಹೊರಟುಬಿಡುವುದೂ ಅದೇ ಅಮಾವಾಸ್ಯೆ. ಹೀಗಾಗಿ ಸದ್ದಿಲ್ಲದ ದಿನ ಹಾಡಿಲ್ಲ, ಹಾಡಿರುವ ದಿನ ಬೀದಿಯ ಸದ್ದಿಗೆ ಕೊನೆಯಿಲ್ಲ.

ಅಂಥ ಒಂದು ಅಮಾವಾಸ್ಯೆಗೆ ಬೆಟ್ಟ ತಪ್ಪಿಸಿ, ದೇವರಿಗೆ ತಪ್ಪುಗಾಣಿಕೆ ಕಟ್ಟಿಟ್ಟು, ರಾಮಾಪುರದಿಂದ ಸಿದ್ದಮ್ಮ ಬಂದರು. ಸೋಬಾನೆ ಹಾಡುವವರು. ಅವರಿಲ್ಲದೆ ಆ ಸೀಮೆಯಲ್ಲಿ ಹೆಣ್ಣಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಒಂದು ಪದ ಮುಗಿಯುವಷ್ಟರಲ್ಲಿ ಗುರುಮಲ್ಲಪ್ಪನವರು ಕೈಯೆತ್ತಿದರು.

"ಅಮ್ಮಾ, ಉಸುರು ಕೇಳುಸ್ತದೆ. ಉಸುರ್ ಎಳೀಬ್ಯಾಡ."

"ಉಸುರಾಡ್ದಿದ್ರ ಸತ್ತೋಯ್ತೀನಿ ಕಣಪ್ಪ. ನೀ ಆಡ್ಸಕ್ ಕರುಸ್ದಾ, ಮಣ್ಮಾಡಕ್ಕಾ?"

"ಆಡು ಆಡು. ಆಮ್ಯಾಕ್ ನಾನೇ ಕಿತ್ತಾಕ್ತೀನಿ."

ಸಂಜೆಯವರೆಗೆ ಇಬ್ಬರೂ ಬೈದಾಡಿಕೊಂಡೇ, ನನ್ನ ಹಾರ್ಮೋನಿಯಂ ಜೊತೆಗೆ, ಕ್ಯಾಸೆಟ್ಟಿಗಾಗುವಷ್ಟು ಹಾಡು ತುಂಬಿಸಿದರು. ಆಮೇಲೆ ಗುರುಮಲ್ಲಪ್ಪನವರು 'ಇನ್ನೊಂದು ಸ್ವಲ್ಪ ಒಪ್ಪ ಮಾಡಬೇಕು' ಎಂದು ಕೂತವರು ಕೂತೇ ಇದ್ದರು. ಅಷ್ಟರಲ್ಲಿ ಸಿದ್ದಮ್ಮನಿಗೆ ಮೈಸೂರಿನಲ್ಲಿ ಗಂಟಲ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಇನ್ನು ಆ ದನಿ ಲೋಕದಲ್ಲಿದ್ದುದು ಶಲ್ಯ ಹೊದ್ದ ಆ ಮ್ಯಾಕಿನಲ್ಲಿ ಮಾತ್ರ. ಅದೂ ಕಟಕಟ ಎನ್ನತೊಡಗಿತು.

ಗುರುಮಲ್ಲಪ್ಪನವರು ಯಾರ ಮಾತಿಗೂ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ. ಆ ಕಟಕಟಕ್ಕೆ ಬಗ್ಗಿದರು. ನಾನು ಯಳಂದೂರಿಗೆ ಹೋಗಿ ಮಹೇಶನದೇ ಒಂದು ಡಿಸ್ಕು ತಂದೆ. ಅದನ್ನು ಅವರು ಒದ್ದೆ ಬಟ್ಟೆಯಿಂದ ಒರೆಸಿ, ಹಾಡುಗಳನ್ನೆಲ್ಲ ಇಳಿಸಿ, ನನ್ನ ಕೈಗೆ ಎತ್ತಿ ಹಾಕಿದರು. ಮ್ಯಾಕು ಅದಾದ ಮೇಲೆ ಏಳಲಿಲ್ಲ.

ಆ ಮ್ಯಾಕಿನ ಫೈಲಿಗೆ ಎರಡು ಭಾಗ: ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಅದನ್ನು ಯಾವ ವೇಗದಲ್ಲಿ ಓಡಿಸಬೇಕೆಂಬ ವಿವರ. ವಿಂಡೋಸಿನ ಡಿಸ್ಕಿಗೆ ಬಂದಾಗ ಆ ಎರಡನೆಯದು ಬೇರೊಂದು ಫೋಲ್ಡರಿನಲ್ಲಿ ಅಡಗಿ ಕೂತಿರುತ್ತದೆ. ನಾನು ಡಿಸ್ಕು ಒಯ್ದು ಕೊಟ್ಟಾಗ ಮಹೇಶನಿಗೆ ಅದು ಕಂಡಿತು.

"ಏನೋ ಕಸ ಇತ್ತು ಮೇಷ್ಟ್ರೇ, ಗುಡ್ಸಾಕ್ದಿ. ಅವ್ರ ಮನೆ ಕಸ ನನ್ ಮನೇಲ್ಯಾಕೆ?"

ಹಾಡು ಉಳಿಯಿತು. ವೇಗ ಗುಡಿಸಿಹೋಯಿತು. ಮಹೇಶ ತನ್ನ ಯಂತ್ರದ ರೂಢಿಯಂತೆ ವೇಗವನ್ನು ಸೆಕೆಂಡಿಗೆ ನಲವತ್ನಾಲ್ಕು ಚಿಲ್ಲರೆ ಸಾವಿರ ಚೂರಿಗೆ ಇಟ್ಟು ಓಡಿಸಿದ. ಯಾರೋ ದಪ್ಪ ದನಿಯ ಗಂಡಸು ತೂಕಡಿಸುತ್ತಾ ಸೋಬಾನೆ ಹಾಡಿದ. ನಾನು ಹಾರ್ಮೋನಿಯಂ ಹಿಡಿದು ನೋಡಿದೆ. ಶ್ರುತಿ ಅದರ ಎರಡು ಮನೆಗಳ ನಡುವೆ ಎಲ್ಲೋ ಬಿದ್ದಿತ್ತು.

"ನಿಮ್ ಪೆಟ್ಗೇನೇ ಅಳೇದು," ಎಂದ ಮಹೇಶ. "ಇಲ್ಲಾಂದ್ರೆ ಭಾವ ರೆಕಾರ್ಡ್ ಮಾಡಿರದೇ ಅಂಗೆ."

"ಬೇರೆ ನಂಬರ್ ಹಾಕಿ ನೋಡಯ್ಯ."

"ತಪ್ಪು ಅವ್ರದು. ಬೇಕಾರೆ ಬಂದು ಏಳ್ಲಿ."

ಕೊಳ್ಳೇಗಾಲಕ್ಕೆ ಬಂದು ಗುರುಮಲ್ಲಪ್ಪನವರನ್ನು ಕೇಳಿದೆ. "ನಂಬರ್ ಗೊತ್ತು. ಅವ್ನೇ ಬಂದ್ ಕೇಳ್ಲಿ. ನಾನ್ಯಾಕ್ ಏಳ್ಲಿ?" ಎಂದು ಸತ್ತ ಮ್ಯಾಕಿನ ಮೇಲೆ ಶಲ್ಯ ಸರಿಪಡಿಸಿದರು. ಎರಡೂ ಕಡೆಯ ಘನತೆಯನ್ನು ಹೊತ್ತುಕೊಂಡು ನಾನು ಹಲವು ಸಲ ಬಸ್ಸು ಹತ್ತಿ ಇಳಿದೆ.

ಕೊನೆಗೆ ಸಿದ್ದಮ್ಮನೇ ಬಂದರು. ಯಳಂದೂರಿನಲ್ಲಿ ಆ ಹಾಡು ಕೇಳಿ, ಮಹೇಶನ ಟೇಬಲ್ಲಿನ ಮೇಲೆ ಒಂದು ಏಟು ಹಾಕಿ ಎದ್ದರು. ನೇರ ಕೊಳ್ಳೇಗಾಲ. ಗುರುಮಲ್ಲಪ್ಪನವರ ಮೆಟ್ಟಿಲ ಮೇಲೆ ಅಡ್ಡ ಕೂತು, ಎಲೆಅಡಿಕೆ ಚೀಲ ಬಿಚ್ಚಿದರು. ಮೇಲಿನವರು ಕೆಳಗಿಳಿಯುವಂತಿಲ್ಲ.

"ದಾರಿ ಬುಡಮ್ಮ," ಎಂದರು ಗುರುಮಲ್ಲಪ್ಪನವರು. ಸಿದ್ದಮ್ಮ ಸುಣ್ಣ ಹಚ್ಚಿದರು.

"ಅವ್ನಂಗ್ಡಿಗ್ ನಾ ಕಾಲಿಡಾಕಿಲ್ಲ." ಸಿದ್ದಮ್ಮ ಅಡಿಕೆ ಕತ್ತರಿಸಿದರು.

ಬೈಗುಳಕ್ಕೆ ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಒಳಗೆ ಹೋಗಿ ಶರಟು ಬದಲಿಸಿಕೊಂಡು ಬಂದರು.

ಯಳಂದೂರಿನಲ್ಲಿ ಅವರು ಮಾತಿಗೆ ತಪ್ಪಲಿಲ್ಲ. ಅಂಗಡಿಯ ಹೊಸ್ತಿಲ ಹೊರಗೇ, ಬೀದಿಗೆ ಮುಖ ಮಾಡಿ ನಿಂತರು. ಒಳಗೆ ಮಹೇಶ, ಗೋಡೆಗೆ ಮುಖ ಮಾಡಿ. ನಡುವೆ ನಾನು.

"ಮೇಷ್ಟ್ರೇ, ನಲವತ್ತೆಂಟು ಸಾವ್ರ ಅಂತ ಏಳಿ ಅವ್ನ್ಗೆ."

"ಕೇಳುಸ್ತು ಅಂತ ಏಳಿ ಮೇಷ್ಟ್ರೇ."

ಮಹೇಶ ಸಂಖ್ಯೆ ಬದಲಿಸಿದ. ಸಿದ್ದಮ್ಮ ಹಾಡಿದರು. ಕುರ್ಚಿಯಲ್ಲಿ ಕೂತಿದ್ದ ಸಿದ್ದಮ್ಮ ತಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಎರಡು ಸಾಲಿನ ನಡುವೆ ಉಸಿರು ಎಳೆದದ್ದು ಸ್ಪಷ್ಟವಾಗಿ ಕೇಳಿತು. ಎಲ್ಲ ಸಾಲಿನಲ್ಲೂ ಕೇಳಿತು.

"ಉಸುರು ತೆಗ್ದೇ ಇಲ್ವಲ್ಲ," ಎಂದ ಮಹೇಶ ಗೋಡೆಗೆ.

"ಮುಟ್ಬ್ಯಾಡ ಅಂತ ಏಳಿ ಅವ್ನ್ಗೆ," ಎಂದರು ಗುರುಮಲ್ಲಪ್ಪನವರು ಬೀದಿಗೆ. ಬಸ್ಸು ಬಂತು, ಹತ್ತಿದರು. ಕಿಟಕಿಯ ಸೀಟು ಖಾಲಿಯಿತ್ತು, ನಿಂತೇ ಹೋದರು. ನಾನು ಅವರನ್ನು ಜೀವಂತವಾಗಿ ಕಂಡದ್ದು ಅದೇ ಕೊನೆ.

ಕ್ಯಾಸೆಟ್ ಹೊರಬರುವ ಮೊದಲೇ ಅವರು ತೀರಿಕೊಂಡರು. ಮಹೇಶ ಮಣ್ಣಿಗೆ ಬಂದಿದ್ದ, ಬೀದಿಯಲ್ಲೇ ನಿಂತಿದ್ದ. ಅಂದು ಅಮಾವಾಸ್ಯೆಯಲ್ಲ. ಆದರೂ ಆ ಸಾಲಿನ ಮಗ್ಗಗಳು ಹೆಣ ಎತ್ತುವವರೆಗೂ ನಿಂತಿದ್ದವು.

ಮಹೇಶ ಹೊರತಂದ ಕ್ಯಾಸೆಟ್ಟಿನ ಮೇಲೆ ಸಿದ್ದಮ್ಮನ ಹೆಸರಿದೆ. ಹಾರ್ಮೋನಿಯಂ ನುಡಿಸಿದ ನನ್ನ ಹೆಸರಿದೆ. ಧ್ವನಿಮುದ್ರಣ ಎಂದು ಅಚ್ಚಾಗಿರುವ ಕಡೆ ಯಾರ ಹೆಸರೂ ಇಲ್ಲ.