ಎರಡರಿಂದ ಐದರ ಪಾಳಿ

ನನ್ನ ತಂಗಿಯ ಮಗ ರಮಾನಂದ ಹನ್ನೊಂದು ವರ್ಷದಿಂದ ಪರದೇಶದ ನಾರ್‌ಶೋಪಿಂಗ್‌ನಲ್ಲಿ ಸುಂಟರಗಾಳಿ ಓದುತ್ತಾನೆ. ಕಂಪ್ಯೂಟರಿನಲ್ಲಿ ಸಾವಿರಾರು ಎಬ್ಬಿಸಿದ್ದಾನೆ, ಕಣ್ಣಾರೆ ಒಂದನ್ನೂ ಕಂಡಿಲ್ಲ. "ಒಂದೇ ಒಂದು ಸಾಕು ದೊಡ್ಡಮ್ಮ," ಅನ್ನುತ್ತಾನೆ, ಹೆಣ್ಣು ಹುಡುಕುವವರ ಹಾಗೆ.

ಹೋದ ವರ್ಷ ಜೂನ್ ಹದಿನಾಲ್ಕಕ್ಕೆ ಒಂದೇ ಮಧ್ಯಾಹ್ನ ಮೂರು ಬಂದವು. ಐವತ್ತೆರಡು ಮನೆಯ ಸೂರು ಹೋಯಿತು. ಸಂಜೆ ಆರರ ಮೇಲೆ ಬರುತ್ತೆ ಅಂತ ಇವನ ಲೆಕ್ಕ. ಅಷ್ಟರೊಳಗೆ ಬಟ್ಟೆ ಮುಗಿಸೋಣ ಅಂತ ನೆಲಮಾಳಿಗೆಗೆ ಇಳಿದಿದ್ದ. ಇಲ್ಲಿ ಇಡೀ ಕಟ್ಟಡಕ್ಕೆ ಒಂದೇ ಒಗೆಯೋ ಕೋಣೆ, ಪಾಳಿ ಮೊದಲೇ ಬರೆಸಬೇಕು. ಇವನದು ಎರಡರಿಂದ ಐದು. ಕರೆಂಟು ಹೋದಾಗ ಫ್ಯೂಸು ಹುಡುಕುತ್ತಾ ನಿಂತನಂತೆ. ಮೇಲೆ ಬಂದಾಗ ಬಿಸಿಲು.

ಕೆಳಮನೆಯ ಲೀನಾಗೆ ಎಪ್ಪತ್ತಾರು ವರ್ಷ. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ಮೂರನ್ನೂ ಕಂಡಳು. ಅವಳಿಗೆ ಬೇಕಿರಲಿಲ್ಲ. ಅಂದಿನಿಂದ ಮೋಡ ಕಂಡರೆ ನಡುಗುತ್ತಾಳೆ. ಅದಕ್ಕೇ ರಮಾನಂದ ತನ್ನ ಮಧ್ಯಾಹ್ನದ ಪಾಳಿಗಳನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟ. ಅವಳು ನೆಲಮಾಳಿಗೆಯಲ್ಲಿ ಅಡಗಿ ಕೂರುವುದು, ಇವನು ಕಿಟಕಿಯಲ್ಲಿ ಕಾಯುವುದು. ಈ ಬೇಸಿಗೆಗೆ ಇವನ ಮನೆಗೆ ಬಂದ ನಾನೂ ಒಂದು ದಿನ ಕೆಳಗಿಳಿದು ನೋಡಿದೆ.

"ಖಾಲಿ ಮಷೀನು ಯಾಕೋ ತಿರುಗಿಸ್ತಾಳೆ?" ಅಂದೆ.

"ಪಾಳಿ ತಗೊಂಡು ಸುಮ್ಮನೆ ಕೂತರೆ ತಪ್ಪಂತೆ."

ಈ ವರ್ಷ ಜುಲೈ ಮೂರು, ಮಧ್ಯಾಹ್ನ ಮೂರೂ ನಲವತ್ತು. ಮನೆ ಎದುರಿನ ಕೆರೆಯ ಮೇಲಿನ ಮೋಡ ಬಾಣಲೆ ತಳದಷ್ಟು ಕಪ್ಪು. "ಬಂತು ದೊಡ್ಡಮ್ಮ, ಬಂತು!" ಇವನು ಕಿಟಕಿಗೆ ಅಂಟಿಕೊಂಡ. ಆಗಲೇ ಕರೆಂಟು ಹೋಯಿತು. ಕೆಳಗಿಂದ, ಕತ್ತಲೆಯಲ್ಲಿ ಸಿಕ್ಕಿದ ಲೀನಾ ಕಬ್ಬಿಣದ ಬಾಗಿಲು ಬಡಿಯುವ ಸದ್ದು. "ರಮಾ! ರಮಾ!"

ಮೋಡಕ್ಕೆ ಬಾಲ ಮೂಡುತ್ತಿತ್ತು. ಇವನು ಬಾಲ ನೋಡಿದ, ಮನೆ ಬಾಗಿಲು ನೋಡಿದ. "ಥೂ, ಇವಳೊಬ್ಬಳು!" ಅಂದು ಟಾರ್ಚು ಹಿಡಿದು ಓಡಿದ.

ಬಾಲ ಕೆರೆಗೆ ಇಳಿಯಿತು. ಬೆಳ್ಳಗಿತ್ತು. ನಾಲ್ಕು ನಿಮಿಷ ನಿಂತು ಹೋಯಿತು. ಯಾರಿಗೂ ಏನೂ ಮಾಡಲಿಲ್ಲ.

ಲೀನಾಳ ತೋಳು ಹಿಡಿದು ಮೇಲೆ ಬಂದವನು, "ಬಂದಿತ್ತಾ?" ಅಂದ.

ಸುಳ್ಳು ಹೇಳಲು ನನಗೆ ಬರಲಿಲ್ಲ. "ಬಂದಿತ್ತು. ನಾಲ್ಕು ನಿಮಿಷ."

ಹಾಳೆ ತೆಗೆದ. "ಯಾವ ಕಡೆಗೆ ತಿರುಗ್ತಿತ್ತು?" ನಾನು ಬೀಸುವ ಕಲ್ಲಿನ ಹಾಗೆ ಕೈ ತಿರುಗಿಸಿ ತೋರಿಸಿದೆ. ಬರೆದುಕೊಂಡ.

ಲೀನಾ ಕಣ್ಣೊರೆಸಿಕೊಂಡು ತನ್ನ ಭಾಷೆಯಲ್ಲಿ ಏನೋ ಅಂದಳು. ಇವನು ಪೆನ್ನು ಕೆಳಗಿಟ್ಟ.

"ಏನಂತೆ?"

"ಆ ಕತ್ತಲೆಗಿಂತ ಸುಂಟರಗಾಳಿಯೇ ವಾಸಿಯಂತೆ. ನಾಳೆಯಿಂದ ಎರಡರಿಂದ ಐದರ ಪಾಳಿ ನನಗೇ ವಾಪಸ್ಸು. ಬಟ್ಟೆ ತುಂಬ ಸೇರಿರಬೇಕು, ಒಗೆದುಕೋ ಅಂತಾಳೆ."